ಅವ್ವನ ಹೆಜ್ಜೆಗೆ ಹಚ್ಚಿದ ಗಂಟೆ

ವಾಡಿಯಲ್ಲಿ ರಾಮಲಿಂಗಪ್ಪ ಎಂಬ ಹೆಸರಿನವರು ಬೇಕಾದಷ್ಟು ಜನ ಇದ್ದಾರೆ. ರೈಲ್ವೆಯಲ್ಲೊಬ್ಬ, ಕಿರಾಣಿ ಅಂಗಡಿಯಲ್ಲೊಬ್ಬ, ನಮ್ಮ ಓಣಿಯಲ್ಲೇ ಇನ್ನೊಬ್ಬ. ಆದರೆ 'ಗಂಟಿ ರಾಮಲಿಂಗಪ್ಪ' ಎಂದರೆ ನಾನೊಬ್ಬನೇ. ಹೊಸಬರು ನನ್ನನ್ನು ಗುಡಿಯ ಪೂಜಾರಿ ಎಂದು ತಿಳಿಯುತ್ತಾರೆ. ಇನ್ನು ಕೆಲವರು ಶಾಲೆಯ ಜವಾನ ಇರಬೇಕೆಂದು ಊಹಿಸುತ್ತಾರೆ. ನಾನು ಎರಡೂ ಅಲ್ಲ, ಸಿಮೆಂಟ್ ಕಾರ್ಖಾನೆಯಲ್ಲಿ ಮೀಟರು, ಗೇಜು ರಿಪೇರಿ ಮಾಡುವ ಮೆಕ್ಯಾನಿಕ್. ಈ ಹೆಸರು ನನಗೆ ಬಂದದ್ದು ವಿಜ್ಞಾನದ ಸೇವೆ ಮಾಡಲು ಹೋಗಿ. (ಆ ಸೇವೆಗೆ ವಿಜ್ಞಾನ ನನಗೆ ಬೇರೇನೂ ಕೊಡಲಿಲ್ಲ.)

ನಾಡಿಗೆ ಕರ್ನಾಟಕ ಎಂದು ಹೆಸರು ಬಂದು ಆಗ ಕೆಲವು ವರ್ಷಗಳಾಗಿದ್ದವು. ನಮ್ಮ ಓಣಿಗೆ ಮಾತ್ರ ಇನ್ನೂ ನಳ ಬಂದಿರಲಿಲ್ಲ. ಹೆಂಡತಿ ಅನಸುಬಾಯಿ ನೀರಿಗೆ ಕೊಡ ಹಿಡಿದು ಹೋಗಬೇಕಿತ್ತು. ಅವಳು ಅತ್ತ ಹೋದಳೋ ಇಲ್ಲವೋ, ಇತ್ತ ನನ್ನ ಅವ್ವ ಭೀಮಬಾಯಿ ಹೊರಬೀಳುತ್ತಿದ್ದಳು.

ಅವ್ವನನ್ನು ನಾನು ತೆಂಗಳಿಯಿಂದ ನನ್ನಲ್ಲಿಗೆ ಕರೆತಂದಿದ್ದೆ. ಅಲ್ಲಿ ಅವಳು ಮುಂಜಾನೆ ಅಗಸಿಯಿಂದ ಸುರುಮಾಡಿದರೆ ಮನೆಮನೆ ಮಾತಾಡುತ್ತ ಮಧ್ಯಾಹ್ನದ ಹೊತ್ತಿಗೆ ಊರ ಇನ್ನೊಂದು ತುದಿ ಮುಟ್ಟುತ್ತಿದ್ದಳು. ಇಲ್ಲಿಗೆ ಬಂದ ಮೇಲೆ ಕಾಲು ಅದೇ ಕಾಲಾಗಿ ಉಳಿಯಿತು, ನೆನಪು ಮಾತ್ರ ಸ್ವಲ್ಪ ಸ್ವಲ್ಪ ಸವೆಯತೊಡಗಿತು. ಹೋಗುವ ದಾರಿ ಗೊತ್ತು, ಬರುವ ದಾರಿ ಗೊತ್ತಿಲ್ಲ. ಒಮ್ಮೆ ಹಳಿ ದಾಟಿ ಸಿಗ್ನಲ್ ಕ್ಯಾಬಿನ್ನಿನ ತನಕ ಹೋಗಿಬಿಟ್ಟಳು. ನಾನು ಏದುಸಿರು ಬಿಡುತ್ತ ಅಲ್ಲಿಗೆ ಓಡಿದರೆ, ಅವಳು ಕ್ಯಾಬಿನ್ನಿನವನ ಹೊರಸಿನ ಮೇಲೆ ಕೂತು ಬಸಿಯಲ್ಲಿ ಚಾ ಕುಡಿಯುತ್ತ, "ನಿಮ್ಮ ಸೊಸಿ ಹೆಂಗಿದ್ದಾಳಪ್ಪಾ" ಎಂದು ವಿಚಾರಿಸುತ್ತಿದ್ದಳು. ಅವನಿಗೆ ಇನ್ನೂ ಮದುವೆಯೇ ಆಗಿರಲಿಲ್ಲ.

ಆ ದಿನ ಅನಸುಬಾಯಿ ನನ್ನ ಮುಂದೆ ಕೊಡ ಕುಕ್ಕಿದಳು.

"ನೋಡ್ರಿ, ನಂಗೇನು ಬೆನ್ನಿಗಿ ಕಣ್ಣಿಲ್ಲ. ನೀರಿಗಿ ಹೋಗಲ್ಯೋ, ಅತ್ತಿನ ಕಾಯಲ್ಯೋ? ನೀವು ಡ್ಯೂಟಿ ಮುಗಿಸಿ ಬಂದ ಮ್ಯಾಲ ಆಕಿನ ಕರ್ಕೊಂಡು ದಿನಾ ಒಂದು ಸುತ್ತು ಹಾಕ್ರಿ. ನಾಲ್ಕು ಮಂದಿ ಮಾರಿ ನೋಡಿದ್ರ ಆಕಿಗಿ ಸಮಾಧಾನ ಆಗ್ತದ. ಮನ್ಯಾಗ ಕುಂದರ್ತಾಳ."

"ಅನಸೂ, ದಿನಾ ಸುತ್ತಾಡಾಕ ನಂಗ ಟೈಮ್ ಎಲ್ಯದ? ಇದಕ್ಕ ಕಾಯಂ ಇಲಾಜು ಮಾಡಬೇಕು."

"ಸುತ್ತಾಡೋದು ಕಾಯಂ ಇಲಾಜು ಅಲ್ಲೇನು?"

ಆಗಲೇ ನನ್ನ ತಲೆಯಲ್ಲಿ ಒಂದು ದಿವ್ಯ ಯೋಜನೆ ಮೊಳೆತಿತ್ತು. ನಮ್ಮ ಕಾರ್ಖಾನೆಯಲ್ಲಿ ಮನೆಯಷ್ಟು ದೊಡ್ಡ ಗಿರಣಿ ಇದೆ. ಅದರ ಮೈಗೆ ಅಂಗೈಯಗಲದ ಒಂದು ಪಿಕಪ್ ಕೂಡಿಸಿರುತ್ತಾರೆ. ಗಿರಣಿ ಹೆಚ್ಚುಕಡಿಮೆ ನಡುಗಿದರೆ ಅದಕ್ಕೆ ತಿಳಿಯುತ್ತದೆ, ಕೂಡಲೇ ಗಂಟೆ ಬಾರಿಸುತ್ತದೆ. ಅಷ್ಟು ದೊಡ್ಡ ಗಿರಣಿಯನ್ನು ಕಾಯುವ ವಿದ್ಯೆ, ಮುಷ್ಟಿಯಷ್ಟಿರುವ ನನ್ನ ಅವ್ವನನ್ನು ಕಾಯಲಾರದೆ?

ನಮ್ಮ ಮನೆಯ ನೆಲ ಪೂರ್ತಿ ಫರಸಿ ಕಲ್ಲಿನದು. ಹೊಸ್ತಿಲ ಹತ್ತಿರದ ಫರಸಿಯ ಮೇಲೆ ಯಾರಾದರೂ ಕಾಲಿಟ್ಟರೆ ಅದು ಕಣ್ಣಿಗೆ ಕಾಣದಷ್ಟು ಅದುರುತ್ತದೆ. ಆ ಅದುರನ್ನು ಹಿಡಿಯಲು ಸೂಕ್ಷ್ಮವಾದ ಒಂದು ಮುಳ್ಳು ಬೇಕು. ಅಂಥ ಮುಳ್ಳು ನಮ್ಮ ಮನೆಯಲ್ಲಿ ಒಂದೇ ಕಡೆ ಇತ್ತು. ಮಾವನವರು ಮದುವೆಯಲ್ಲಿ ಕೊಟ್ಟ ರೆಕಾರ್ಡ್ ಪ್ಲೇಯರಿನಲ್ಲಿ.

"ಅದರ ಕೈ ಯಾಕ ಬಿಚ್ಚಾಕತ್ತೀರಿ?" ಎಂದಳು ಅನಸುಬಾಯಿ.

"ವಿಜ್ಞಾನಕ್ಕ ಬೇಕು."

"ವಿಜ್ಞಾನದ ಅಪ್ಪ ಏನು ಕೊಟ್ಟಿದ್ನಂತ? ಇದು ನಮ್ಮಪ್ಪ ಕೊಟ್ಟಿದ್ದು."

ಎರಡು ದಿನ ಅವಳು ನನ್ನ ಜೊತೆ ಮಾತು ಬಿಟ್ಟಳು. ಆ ಶಾಂತಿಯಲ್ಲಿ ನನ್ನ ಕೆಲಸ ಭರದಿಂದ ಸಾಗಿತು. ಮುಳ್ಳನ್ನು ಫರಸಿಗೆ ತಾಗಿಸಿ ಕೂಡಿಸಿದೆ. ಹಳೆಯ ರೇಡಿಯೊದ ಹೊಟ್ಟೆ ಬಗೆದು ಅದರ ಸದ್ದನ್ನು ದೊಡ್ಡದು ಮಾಡಿದೆ. ಗಂಟೆಗೆ ಕರೆಂಟು ಹಾಯಿಸಲು ಒಂದು ರಿಲೇ, ಯಂತ್ರ ಚಾಲೂ ಇದೆಯೆಂದು ತೋರಿಸಲು ಒಂದು ಕೆಂಪು ದೀಪ, ಒಂದು ಕರೆಗಂಟೆ. ಎಲ್ಲವನ್ನೂ ಟ್ರಂಕಿನಂಥ ಪೆಟ್ಟಿಗೆಯಲ್ಲಿ ಜೋಡಿಸಿ, ಅದಕ್ಕೆ 'ಸ್ವಯಂಚಾಲಿತ ಚಲನಸೂಚಕ ಯಂತ್ರ' ಎಂದು ನಾಮಕರಣ ಮಾಡಿದೆ. ಹೆಂಡತಿ 'ಗಂಟಿ ಪೆಟಗಿ' ಎಂದಳು. ಓಣಿಯಲ್ಲಿ ಉಳಿದದ್ದು ಅವಳಿಟ್ಟ ಹೆಸರೇ.

"ಇದರಾಗ ರಿಲೇ ಅದ ಅವ್ವ" ಎಂದು ತೋರಿಸಿದೆ.

"ರೈಲೇ? ಹೊರಗ ಹೋಗೋವು ಸಾಲಲ್ಲವೇನು, ಮನ್ಯಾಗೂ ತಂದಿ?" ಎಂದಳು ಅವ್ವ.

ಯಂತ್ರ ಚಾಲೂ ಮಾಡಿದ ಮೊದಲ ದಿನವೇ ಅದು ನನ್ನ ಎಲ್ಲ ನಿರೀಕ್ಷೆಗಳನ್ನೂ ಮೀರಿ ಬಾರಿಸಿತು. ಅವ್ವ ಹೊಸ್ತಿಲಿಗೆ ಬಂದರೆ ಬಾರಿಸಿತು. ಆಡು ಬಂದರೆ ಬಾರಿಸಿತು. ಗೂಡ್ಸ್ ಗಾಡಿ ಹಾಯ್ದರೆ ಬಾರಿಸಿತು. (ವಾಡಿಯಲ್ಲಿ ಗಾಡಿ ಹಾಯದ ಹೊತ್ತು ಯಾವುದೆಂದು ಪಂಚಾಂಗ ನೋಡಿಯೇ ಹೇಳಬೇಕು.) ಗಣಿಯಲ್ಲಿ ಮದ್ದು ಹಾರಿಸಿದಾಗ ಬಾರಿಸಿತು. ಅನಸುಬಾಯಿ ಒಳಕಲ್ಲಿನಲ್ಲಿ ಖಾರ ಕುಟ್ಟಲು ಕೂತಾಗಲಂತೂ ಕುಟ್ಟಿದ್ದಕ್ಕೊಂದರಂತೆ ತಾಳ ಹಾಕಿತು.

ಅವ್ವನಿಗೆ ಗಂಟೆ ಎಂದರೆ ಬಾಗಿಲಿಗೆ ಯಾರೋ ಬಂದರೆಂದು ಅರ್ಥ. ಪ್ರತಿ ಸಲ ಅದು ಬಾರಿಸಿದಾಗಲೂ ಅವಳು ಸೆರಗು ಸರಿಮಾಡಿಕೊಂಡು ಎದ್ದು, "ಬರ್ರಿ, ಒಳಗ ಬರ್ರಿ, ಕುಂದ್ರಿ" ಎಂದು ಬಾಗಿಲಿಗೆ ಹೋಗುತ್ತಿದ್ದಳು. ಅಲ್ಲಿ ಯಾರೂ ಇರುತ್ತಿರಲಿಲ್ಲ. ಸ್ವಲ್ಪ ಹೊತ್ತು ಓಣಿಯ ಆ ತುದಿ ಈ ತುದಿ ನೋಡಿ ಮರಳಿ ಬಂದು ಕೂಡುತ್ತಿದ್ದಳು. ಆಗ ನಮಗೆಲ್ಲ ನಗು ಬರುತ್ತಿತ್ತು. ಈಗ ನೆನೆದರೆ ನಗು ಅಷ್ಟು ಸುಲಭವಾಗಿ ಬರುವುದಿಲ್ಲ.

ಪಕ್ಕದ ಮನೆಯ ಮಡಿವಾಳಯ್ಯನವರು ಜಗುಲಿಯಿಂದಲೇ ವಿಚಾರಿಸಿದರು. "ರಾಮಲಿಂಗಪ್ಪಾ, ನಿಮ್ಮನಿಯಾಗ ದಿನಾ ಎಷ್ಟು ಹೊತ್ತು ಪೂಜಿ ನಡೀತದಪಾ?"

ಯಂತ್ರಕ್ಕೆ ಸರಿ ಅಳತೆ ಹಿಡಿಸಲೇಬೇಕಾಯಿತು. ಕಾರ್ಖಾನೆಯಿಂದ ಬಂದವನೇ ಪೆಟ್ಟಿಗೆಯ ಮುಂದೆ ಪದ್ಮಾಸನ ಹಾಕುತ್ತಿದ್ದೆ. ಒಂದು ಗುಂಡಿ ತಿರುವಿದರೆ ಅದಕ್ಕೆ ಇರುವೆ ನಡೆದದ್ದೂ ಕೇಳುತ್ತಿತ್ತು, ಕೂದಲೆಳೆಯಷ್ಟು ಹಿಂದೆ ತಿರುವಿದರೆ ಆನೆ ನಡೆದರೂ ಕೇಳುತ್ತಿರಲಿಲ್ಲ. ಆ ಹೊತ್ತಿನಲ್ಲಿ ಮನೆಯಲ್ಲಿ ಯಾರೂ ನಡೆಯಬಾರದು, ಮಾತಾಡಬಾರದು, ಪಾತ್ರೆ ಸದ್ದು ಮಾಡಬಾರದು ಎಂದು ಆಜ್ಞೆ ಹೊರಡಿಸಿದೆ.

"ರಾಮಾ, ನಾ ಒಂದು ಮಾತು..." ಎಂದು ಅವ್ವ ಬಾಯಿ ತೆರೆಯುತ್ತಿದ್ದಳು.

"ತಡಿ ಅವ್ವ, ಮಾಪನ ನಡದದ."

"ಮಾಫ್ ಯಾಕ ಮಾಡಬೇಕು? ಯಾರೇನು ತಪ್ಪು ಮಾಡ್ಯಾರ?"

"ಮಾಫ್ ಅಲ್ಲ, ಮಾಪನ. ಸುಮ್ಮ ಕುಂದರು."

ನಾನು ಪುನಃ ಪುನಃ ಹೀಗೆ ಅಂದ ಮೇಲೆ ಅವ್ವ ಆ ಮಾತು ಎತ್ತುವುದನ್ನೇ ಬಿಟ್ಟಳು.

ನನಗೆ ಜ್ಞಾನೋದಯವಾದದ್ದು ಒಂದು ಭಾನುವಾರ, ಹೆಂಡತಿಯ ಬೈಗುಳದ ನಡುವೆ. ಸೀಮೆಎಣ್ಣೆ ತರಬೇಕೆಂದು ಅವಳು ಎಂದಿನಿಂದ ಹೇಳುತ್ತಿದ್ದಳೋ ನನಗೆ ಗೊತ್ತಿಲ್ಲ.

"ಹೊಸದಾಗಿ ಬಂದಾಗ ನಾ ಒಮ್ಮೆ ಕೆಮ್ಮಿದ್ರ 'ಏನಾಯ್ತು ಅನಸೂ' ಅಂತ ಓಡಿ ಬರ್ತಿದ್ರಿ" ಎಂದಳು. "ಈಗ ಕಿವಿ ಹಂತ್ಯಾಕ ಬಂದು ಒದರಿದ್ರೂ ಕೇಳಸಂಗಿಲ್ಲ. ದಿನಾ ಒದರೀನಿ ನೋಡ್ರಿ, ನಿಮ್ಮ ಕಿವಿಗಿ ರೂಢಿ ಆಗ್ಯದ."

ನಾನು ಎದ್ದು ನಿಂತೆ. ಅವಳು ಎಣ್ಣೆ ತರಲು ಎದ್ದೆನೆಂದು ತಿಳಿದು ಡಬ್ಬಿ ಕೈಗೆ ಕೊಟ್ಟಳು. ನಾನು ಆ ಡಬ್ಬಿಯನ್ನು ಕೆಳಗಿಟ್ಟು ಪೆಟ್ಟಿಗೆಯ ಮುಂದೆ ಕೂತೆ. ಇಷ್ಟು ದಿನ ಗುಂಡಿಯನ್ನು ನಾನು ತಿರುವುತ್ತಿದ್ದೆ. ಯಂತ್ರವೇ ಯಾಕೆ ತಿರುವಿಕೊಳ್ಳಬಾರದು? ಗಂಡನ ಕಿವಿಯ ಹಾಗೆ ಅದೂ ಯಾಕೆ ರೂಢಿಮಾಡಿಕೊಳ್ಳಬಾರದು?

ಒಂದು ದೊಡ್ಡ ಕಂಡೆನ್ಸರ್ ತಂದು ಹಚ್ಚಿದೆ. ಅದು ಸಣ್ಣ ತೂತಿರುವ ಗಡಿಗೆಯಿದ್ದಂತೆ. ಸದ್ದು ಬಂದಷ್ಟೂ ಗಡಿಗೆ ತುಂಬುತ್ತದೆ. ಗಡಿಗೆ ತುಂಬಿದಷ್ಟೂ ಯಂತ್ರದ ಕಿವಿ ಮಂದವಾಗುತ್ತದೆ, ಗಂಟೆ ಬಾರಿಸಲು ಅದಕ್ಕಿಂತ ದೊಡ್ಡ ಸದ್ದು ಬೇಕಾಗುತ್ತದೆ. ಸುತ್ತ ಶಾಂತವಾದರೆ ಗಡಿಗೆ ನಿಧಾನವಾಗಿ ಸೋರಿ ಬರಿದಾಗಿ, ಕಿವಿ ಮತ್ತೆ ಚುರುಕಾಗುತ್ತದೆ. ಗದ್ದಲವಿದ್ದಾಗ ಗದ್ದಲಕ್ಕೆ, ಶಾಂತಿಯಿದ್ದಾಗ ಶಾಂತಿಗೆ, ಯಂತ್ರ ತನ್ನನ್ನು ತಾನೇ ಹೊಂದಿಸಿಕೊಳ್ಳಬೇಕು. ನಾನು ಇದನ್ನು 'ಸ್ವಯಂ ಹೊಂದಾಣಿಕೆ' ಎಂದು ಕರೆದೆ.

"ಪೆಟಗಿ ಹೊಂದ್ಕೋತದಂತ" ಎಂದು ಅನಸುಬಾಯಿ ಅವ್ವನಿಗೆ ವರದಿ ಒಪ್ಪಿಸಿದಳು. "ಅದರ ಮಾಲಕರು ಎಂದು ಹೊಂದ್ಕೋತಾರೋ ನೋಡಬೇಕು."

ಆದರೆ ಫಲಿತಾಂಶ ನೋಡಿ ಅವಳೂ ಬೆರಗಾದಳು. ಗಾಡಿ ಬರುವಾಗ ಯಂತ್ರ ಒಮ್ಮೆ 'ಟಿಣ್' ಎಂದು, ಆಮೇಲೆ ತಿಳಿದವರಂತೆ ಸುಮ್ಮನಾಗುತ್ತಿತ್ತು. ಖಾರ ಕುಟ್ಟುವುದು ಎರಡು ಪೆಟ್ಟಿನಲ್ಲಿ ರೂಢಿಯಾಯಿತು. ಶಾಂತ ಹೊತ್ತಿನಲ್ಲಿ ಅವ್ವ ಹೊಸ್ತಿಲಿಗೆ ಬಂದರೆ ಮಾತ್ರ ಸ್ಪಷ್ಟವಾಗಿ ಬಾರಿಸುತ್ತಿತ್ತು. ಅನಸುಬಾಯಿ ಓಡಿಬಂದು, "ಎಲ್ಲಿಗಿ ಹೊಂಟ್ರಿ ಅತ್ತಿ, ಒಳಗ ಬರ್ರಿ" ಎಂದು ಕರೆದೊಯ್ಯುತ್ತಿದ್ದಳು. ಮಡಿವಾಳಯ್ಯನವರು ಜಗುಲಿ ಇಳಿದು ಬಂದು ಪೆಟ್ಟಿಗೆಗೆ ಕೈಮುಗಿಯುವುದೊಂದು ಬಾಕಿ. ಕಾರ್ಖಾನೆಯ ಕ್ಯಾಂಟೀನಿನಲ್ಲಿ ನಾನು ಚಾ ಆರುವವರೆಗೆ ಗಡಿಗೆಯ ಸಿದ್ಧಾಂತ ವಿವರಿಸುತ್ತಿದ್ದೆ.

ಬರಬರುತ್ತ ಅವ್ವನ ಹೆಜ್ಜೆಗೆ ಗಂಟೆ ಬಾರಿಸುವುದು ಕಡಿಮೆಯಾಯಿತು. ಆಮೇಲೆ ನಿಂತೇಹೋಯಿತು.

"ನೋಡಿದೇನು? ಅವ್ವಗ ಮನಿ ರೂಢಿ ಆಯ್ತು" ಎಂದೆ.

"ಹೌದೇಳ್ರಿ" ಎಂದಳು ಅನಸುಬಾಯಿ. ನಾನು ಹೇಳಿದ್ದಕ್ಕೆ ಅವಳು ಹೌದೆಂದದ್ದು ಅಪರೂಪ. ಅವಳೂ ಪಾಪ ದಣಿದಿದ್ದಳು. ಗಂಟೆ ಇದೆಯಲ್ಲ ಎಂಬ ಧೈರ್ಯದಲ್ಲಿ ಮಧ್ಯಾಹ್ನ ಸ್ವಲ್ಪ ಅಡ್ಡಾಗುವುದನ್ನು ಸುರುಮಾಡಿದಳು. "ಅತ್ತಿ ಬಾಯಿ ಯಾಕೋ ಕೆಂಪಗಿರ್ತದ, ನಾವು ಎಲಿ ಅಡಕಿ ತಂದಿಲ್ಲಲ್ಲ" ಎಂದು ಒಂದೆರಡು ಸಲ ನನ್ನ ಹತ್ತಿರ ಅಂದಳು. ನಾನು ಆಗ ಇನ್ನೂ ದೊಡ್ಡ ಕಂಡೆನ್ಸರಿನ ಬಗ್ಗೆ ಯೋಚಿಸುತ್ತಿದ್ದೆ.

ಮೊದಲ ಪಾಳಿ ಮುಗಿಸಿ ನಾನು ಮನೆಗೆ ಬಂದ ಒಂದು ಮಧ್ಯಾಹ್ನ, ಪೆಟ್ಟಿಗೆಯ ಕೆಂಪು ದೀಪ ನಿಶ್ಚಿಂತೆಯಿಂದ ಉರಿಯುತ್ತಿತ್ತು. ಅನಸುಬಾಯಿ ಮಲಗಿದ್ದಳು. ಅವ್ವನ ಚಾಪೆ ಖಾಲಿಯಿತ್ತು. ಅಡುಗೆಮನೆ, ಹಿತ್ತಲು, ಮಡಿವಾಳಯ್ಯನವರ ಮನೆ, ಎಲ್ಲಿಯೂ ಅವಳಿಲ್ಲ. ಆಗಷ್ಟೇ ಒಂದು ಗೂಡ್ಸ್ ಗಾಡಿ ಹಾಯ್ದುಹೋದ ಸದ್ದು ಇನ್ನೂ ನೆಲದಲ್ಲಿತ್ತು.

ನಾನು ಹಳಿಯ ಕಡೆ ಓಡಿದೆ. ಅನಸುಬಾಯಿ ಕಾಲಿಗೆ ಚಪ್ಪಲಿಯಿಲ್ಲದೆ ಹಿಂದೆ ಓಡಿಬಂದಳು. ಹಳಿಯ ಮೇಲೆ ದೂರದಲ್ಲಿ ಬೆಳ್ಳಗೆ ಏನೋ ಬಿದ್ದದ್ದು ಕಂಡಿತು. ನಾನು ನಿಂತುಬಿಟ್ಟೆ. ಅನಸುಬಾಯಿಯೇ ನನ್ನನ್ನು ದಾಟಿ ಹೋಗಿ, ಬಾಗಿ, ಅದನ್ನು ಎತ್ತಿ ತೋರಿಸಿದಳು. ಸಿಮೆಂಟಿನ ಖಾಲಿ ಚೀಲ. ಅವಳು ಅಲ್ಲೇ ಜಲ್ಲಿಕಲ್ಲಿನ ಮೇಲೆ ಕುಸಿದು ಕೂತು ಅತ್ತಳು. ನಾನೂ ಕೂತೆ.

ಕ್ಯಾಬಿನ್ನಿನವನು ನೋಡಿಲ್ಲವೆಂದ. ಕಡೆಗೆ ಸ್ಟೇಷನ್ ರಸ್ತೆಯಲ್ಲಿ ದರ್ಜಿ ಮಶಾಕ ನಮ್ಮನ್ನು ಕಂಡು ಮಶೀನು ನಿಲ್ಲಿಸಿದ. ನಮ್ಮ ಓಣಿಯವರ ಬಟ್ಟೆಯನ್ನೆಲ್ಲ ಹೊಲಿಯುವವನು ಅವನೇ.

"ಅವ್ವನ ಹುಡುಕಾಕತ್ತೀರೇನು ರಾಮಲಿಂಗಣ್ಣ? ಘಾಬರಿ ಆಗಬ್ಯಾಡ್ರಿ. ಚಿತ್ತಾಪುರಕ್ಕ ಹೋಗ್ಯಾಳ, ಮಗಳ ಮನಿಗಿ. ನಮ್ಮ ಬಾಜೂ ಅಂಗಡಿ ನರಸಪ್ಪ ಅದೇ ಗಾಡಿಗಿ ಹೊಂಟಿದ್ದ, ಅವನ ಜೋಡಿ ಕೂಡಿಸಿ ಕಳಸೀನಿ. ಮನಿ ಬಾಗಿಲಿಗೇ ಮುಟ್ಟಸ್ತಾನ. ನಿಮ್ಮ ಫ್ಯಾಕ್ಟರಿ ಗೇಟಿಗಿ ಹೇಳಿ ಕಳಸಿದ್ದೆ, ನೀವು ಆಗಲೇ ಹೊಂಟಿದ್ರಂತ."

"ಅವ್ವ ಇಲ್ಲಿಗಿ ಹೆಂಗ ಬಂದಳು?"

ಮಶಾಕ ನನ್ನನ್ನು ವಿಚಿತ್ರವಾಗಿ ನೋಡಿದ. "ಹೆಂಗ ಅಂದ್ರ? ದಿನಾ ಬರ್ತಾಳಲ್ರಿ. ಇಲ್ಲಿ ಕುಂದರ್ತಾಳ, ಚಾ ಕುಡೀತಾಳ, ಎಲಿ ಹಾಕ್ತಾಳ, ನಾಲ್ಕು ಮಾತು ಹೇಳ್ತಾಳ. ವಾಪಸ್ ದಾರಿ ಮರೀತಾಳಂತ ನಾನೇ ನಿಮ್ಮ ಬಾಗಿಲ ತನಕ ಬಿಟ್ಟು ಬರ್ತೀನಿ. ನೀವೇ ಕಳಸ್ತೀರಿ ಅಂದ್ಕೊಂಡಿದ್ದೆ."

"ನಮ್ಮನ್ಯಾಗ ಗಂಟಿ ಅದ. ಅದು ಬಾರಿಸಲೇ ಇಲ್ಲ."

"ಗಂಟಿ ವಿಷಯ ಎಲ್ಲಾ ಹೇಳ್ಯಾಳ್ರಿ. ಗಾಡಿ ಹೋದ ಮ್ಯಾಲ ಅದು ಏನೂ ಅನ್ನಂಗಿಲ್ಲಂತ. ಟೇಸನ್ನಿನಾಗೂ ಹಂಗೇ ಅಲ್ಲೇನು, ಗಂಟಿ ಹೊಡೀತಾರ, ಗಾಡಿ ಹೋಗ್ತದ, ಗೇಟ್ ತೆಗೀತಾರ, ಆಮ್ಯಾಲ ಮಂದಿ ದಾಟ್ತಾರ ಅಂತಿದ್ಳು. ಮನಿಗಿ ಬಿಡಾಕ ಹೋದ್ರೂ, 'ತಡಿ ಮಶಾಕ, ಗಾಡಿ ಹೋಗಲಿ, ಒಳಗ ಹೋಗ್ತೀನಿ' ಅಂತಾಳ. ನಾ ನಿಂತು ಕಾಯ್ತೀನಿ."

ನನಗೆ ಎಲ್ಲ ಅರ್ಥವಾಯಿತು. ಗಾಡಿ ಹಾಯ್ದಾಗ ಗಡಿಗೆ ತುಂಬಿ ತುಳುಕುತ್ತಿತ್ತು. ಅದು ಸೋರಿ ಬರಿದಾಗುವ ತನಕ ಯಂತ್ರ ಪೂರ್ತಿ ಕಿವುಡು. ಅಷ್ಟು ಹೊತ್ತಿನಲ್ಲಿ ಅವ್ವ ಯಾಕೆ, ಇಡೀ ತೆಂಗಳಿ ನಮ್ಮ ಹೊಸ್ತಿಲು ದಾಟಿ ಹೋಗಬಹುದಿತ್ತು.

"ಮತ್ತ ಸೀಮೆಎಣ್ಣಿ ತಂದ್ರೇನಣ್ಣ?" ಎಂದ ಮಶಾಕ. ಪಕ್ಕದ ಚಾ ಅಂಗಡಿಯವರು ನಕ್ಕರು. ನಮ್ಮ ಮನೆಯ ಮಾತು ಅವರಿಗೆಲ್ಲ ನಮಗಿಂತ ಚೆನ್ನಾಗಿ ಗೊತ್ತಿತ್ತು.

ಸಂಜೆಯ ಪ್ಯಾಸೆಂಜರಿಗೆ ನಾವಿಬ್ಬರೂ ಚಿತ್ತಾಪುರಕ್ಕೆ ಹೊರಟೆವು. ದಾರಿಯುದ್ದಕ್ಕೂ ಬೈಸಿಕೊಳ್ಳಲು ನಾನು ಸಿದ್ಧನಾಗಿ ಕೂತಿದ್ದೆ. ಅನಸುಬಾಯಿ ಕಿಟಕಿಯ ಹೊರಗೆ ತೊಗರಿ ಹೊಲ ನೋಡುತ್ತ, "ನಾ ಮಲಗಬಾರದಿತ್ತು" ಎಂದು ಒಮ್ಮೆ ತನಗೆ ತಾನೇ ಅಂದಳು. ಅವಳು ನನ್ನನ್ನು ಬೈದಿದ್ದರೆ ಚೆನ್ನಾಗಿರುತ್ತಿತ್ತು.

ತಂಗಿ ಹಣಮಮ್ಮನ ಅಂಗಳದಲ್ಲಿ ಅವ್ವ ಓಣಿಯ ಹೆಂಗಸರ ನಡುವೆ ಕೂತು ರೊಟ್ಟಿ ತಿನ್ನುತ್ತಿದ್ದಳು. ಅಷ್ಟು ಅರಳಿದ ಅವಳ ಮುಖವನ್ನು ನಾನು ಬಹಳ ದಿನದಿಂದ ನೋಡಿರಲಿಲ್ಲ.

"ಅವ್ವ, ಹೇಳದೇ ಬಂದುಬಿಟ್ಟೆಲ್ಲ?"

"ಹೇಳೀನಲ್ಲೋ. ಹಣಮಿ ಮನಿಗಿ ಹೋಗಬೇಕು, ನೀ ಕರ್ಕೊಂಡು ಹೋಗು ಅಂದೆ. ಎಷ್ಟು ಸಲ ಅಂದೆ. ನೀ ಸುಮ್ಮ ಕುಂದರು ಅಂದಿ."

ಹಣಮಮ್ಮ ಅವ್ವನನ್ನು ಕಳಿಸಲಿಲ್ಲ. ಅವ್ವನೂ ಏಳಲಿಲ್ಲ. ಅಲ್ಲಿ ಬಾಗಿಲು ಹಗಲೆಲ್ಲ ತೆರೆದಿರುತ್ತಿತ್ತು. ಅವ್ವ ಎಲ್ಲಿಗೆ ಹೋದರೂ ಓಣಿಯವರೇ ಯಾರಾದರೂ ಕೈಹಿಡಿದು ಕರೆತರುತ್ತಿದ್ದರು. ನಾವು ಬರಿಗೈಯಲ್ಲಿ ಮರಳಿದೆವು. ಪೆಟ್ಟಿಗೆಯನ್ನು ಬಿಚ್ಚಿ ಮುಳ್ಳನ್ನು ಪ್ಲೇಯರಿಗೆ ಮತ್ತೆ ಕೂಡಿಸಿದೆ. ಫರಸಿಯ ಮೇಲೆ ಸವೆದ ಮುಳ್ಳು ಈಗ ಎಂಥ ಹಾಡನ್ನೂ ನೆಗಡಿಯಾದವರಂತೆ ಹಾಡುತ್ತದೆ. ಅನಸುಬಾಯಿ ಒಮ್ಮೆ ಕೇಳಿ ಮುಚ್ಚಳ ಹಾಕಿಬಿಟ್ಟಳು.

ಚಿತ್ತಾಪುರಕ್ಕೆ ಹೋಗಬೇಕು, ಹೋಗಬೇಕು ಎಂದುಕೊಳ್ಳುತ್ತಲೇ ಪಾಳಿ, ಓವರ್‌ಟೈಮು ಎಂದು ಹಲವು ತಿಂಗಳು ಕಳೆದವು. ದೀಪಾವಳಿ ಮುಗಿದ ಮೇಲೆ ಒಂದು ಭಾನುವಾರ ಹೋದೆವು. ಅವ್ವ ಕಟ್ಟೆಯ ಮೇಲೆ ಕೂತಿದ್ದಳು. ಇನ್ನೂ ತೆಳ್ಳಗಾಗಿದ್ದಳು.

"ಅನಸೂ, ಬಾ ನನ್ನವ್ವ" ಎಂದು ಸೊಸೆಯ ಗಲ್ಲ ಸವರಿದಳು. ಆಮೇಲೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. "ಇಂವ ಯಾರ?"

ತಮಾಷೆ ಮಾಡುತ್ತಿದ್ದಾಳೆಂದು ನಾನು ನಕ್ಕೆ. ಹಣಮಮ್ಮ ನನಗೆ ಕಣ್ಣಿನಲ್ಲೇ ಬೇಡವೆಂದಳು.

"ನಮ್ಮ ಪೈಕಿನೇ ಅತ್ತಿ" ಎಂದಳು ಅನಸುಬಾಯಿ ಮೆಲ್ಲಗೆ.

"ಹಂಗೇನು? ಕುಂದರಪಾ ತಮ್ಮಾ. ದೂರದಿಂದ ಬಂದೀದಿ, ನೀರು ಕುಡಿ."

"ಒಂದು ಸುತ್ತು ಹಾಕ್ಕೊಂಡು ಬರೂಣೇನ್ರಿ?" ಎಂದೆ. ಹುಟ್ಟಿದಂದಿನಿಂದ ಅವ್ವನಿಗೆ ನಾನು 'ರಿ' ಹಚ್ಚಿದ್ದು ಅದೇ ಮೊದಲು.

ಅವಳು ಕೂಡಲೇ ಎದ್ದಳು. ಅವಳ ಕೈ ನನ್ನ ಕೈಯೊಳಗೆ ಒಣಗಿದ ಎಲೆಯಷ್ಟು ಹಗುರಾಗಿತ್ತು. ಕಚೇರಿಗಳಿದ್ದ ರಸ್ತೆಯಲ್ಲಿ ನಿಧಾನವಾಗಿ ನಡೆದೆವು. ಅನಸುಬಾಯಿ ಹಿಂದೆ ಬಂದಳು. ಅವ್ವ ದಾರಿಯುದ್ದಕ್ಕೂ ಮಾತಾಡಿದಳು. ತೆಂಗಳಿಯ ಎಮ್ಮೆಗಳು, ಸತ್ತುಹೋದ ನನ್ನ ಅಪ್ಪನ ಸಿಟ್ಟು, ಕ್ಯಾಬಿನ್ನಿನವನ ಸೊಸೆ. ನಾನು ಒಂದಕ್ಕೂ ನಡುವೆ ಬಾಯಿ ಹಾಕಲಿಲ್ಲ.

"ನಿನ್ನ ಕೆಲಸ ಏನಪಾ?" ಎಂದು ಕೇಳಿದಳು.

"ರಿಪೇರಿ ಕೆಲಸ ಮಾಡ್ತೀನ್ರಿ."

"ಮತ್ತ ನನ್ನ ಮಗನ ಮನಿಗಿ ಒಮ್ಮೆ ಹೋಗಿ ಬಾ. ವಾಡಿದಾಗ ಇರ್ತಾನ, ರಾಮಲಿಂಗ ಅಂತ. ಮನ್ಯಾಗ ಒಂದು ಗಂಟಿ ಇಟ್ಕೊಂಡಾನ, ಅದು ಬಾರಿಸ್ತದ, ಎದ್ದು ಹೋಗಿ ನೋಡಿದ್ರ ಯಾರೂ ಬಂದಿರಂಗಿಲ್ಲ. ಅದನ್ನ ಜರಾ ದುರಸ್ತಿ ಮಾಡಿಕೊಡು."

"ಮಾಡ್ತೀನ್ರಿ."

"ಅವಗ ಬೈಬ್ಯಾಡ ಮತ್ತ. ಭಾಳ ಶಾಣ್ಯಾ ಇದ್ದಾನ" ಎಂದು ಅವ್ವ ನನ್ನ ಕೈಯನ್ನು ಮೆಲ್ಲಗೆ ತಟ್ಟಿದಳು. "ಕಿವಿ ಅಷ್ಟೇ ಜರಾ ಮಂದ."

ಹಿಂದೆ ಅನಸುಬಾಯಿಗೆ ಇದ್ದಕ್ಕಿದ್ದಂತೆ ಕೆಮ್ಮು ಹತ್ತಿತು. ಅವಳು ನಕ್ಕಳೋ ಅತ್ತಳೋ, ತಿರುಗಿ ನೋಡುವ ಧೈರ್ಯ ನನಗಾಗಲಿಲ್ಲ.